ಮೂಲೆ ಹರಿದ ಕಾಗದ

ತಿಕೋಟಾದ ಟಪಾಲಿನ ಅಮೀನಸಾಬನಿಗೆ ಹೇಳಿಕೊಳ್ಳುವಂಥ ರೋಗ ಒಂದೂ ಇರಲಿಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ, ಮೈಮೇಲೆ ಒಂದು ಗುಳ್ಳೆ ಕೂಡ ಇಲ್ಲ. ನಲವತ್ತಾರರ ಗಟ್ಟಿ ಆಳು. ಆದರೂ ಲಡಾಯಿ ಶುರುವಾಗಿ ಐದನೆಯ ವರ್ಷ ಬರುವಷ್ಟರಲ್ಲಿ ಅವನು ಮುಂಜಾನೆ ಏಳುವಾಗಲೇ ದಣಿದಿರುತ್ತಿದ್ದ. ಹಾಸಿಗೆಯಲ್ಲಿ ಎದ್ದು ಕೂತು, ಇನ್ನೊಂದು ದಿನ ಬಂತಲ್ಲ ಎಂದು ನೆಲ ನೋಡುತ್ತಿದ್ದ. ಹೆಂಡತಿ ಸಕೀನಾ ತಂದಿಟ್ಟ ಚಹಾ ಹಾಗೆಯೇ ಆರಿ ಹೋಗುತ್ತಿತ್ತು.

ಊರ ಮಂದಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಸರಕಾರಿ ನೌಕರಿ, ಖಾಕಿ ಕೋಟು, ಏರಲಿಕ್ಕೆ ಸೈಕಲ್ಲು, ಇವನಿಗೇನು ಧಾಡಿ ಎನ್ನುತ್ತಿದ್ದರು. ಅನ್ನಲಿ ಬಿಡಿ. ಅವರು ಒಂದೇ ಒಂದು ದಿನ ಆ ಚೀಲ ಹೆಗಲಿಗೆ ಹಾಕಿಕೊಂಡು ಬಬಲೇಶ್ವರದ ತನಕ ಹೋಗಿ ಬಂದಿದ್ದರೆ ಆಗ ಕೇಳಬಹುದಿತ್ತು, ಹೇಗಿದೆ ಧಾಡಿ ಎಂದು.

ವಾರಕ್ಕೆ ಮೂರು ದಿನ ಅಮೀನಸಾಬ ಬಬಲೇಶ್ವರಕ್ಕೆ ಟಪಾಲು ಒಯ್ಯುತ್ತಿದ್ದ. ಬರೀ ಕೊಟ್ಟು ಬಂದರೆ ಮುಗಿಯಿತೇ? ಓದು ಬಲ್ಲವರು ಓಣಿಗೊಬ್ಬರೂ ಸಿಗದ ಕಾಲ ಅದು. ಕಾಗದ ಕೊಟ್ಟವನೇ ಕಟ್ಟೆಯ ಮೇಲೆ ಕೂತು ಓದಿ ಹೇಳಬೇಕು. ಮೊದಲೆಲ್ಲ ಅದು ಸಂಭ್ರಮದ ಕೆಲಸವೇ ಆಗಿತ್ತು. ಕೂಸು ಹುಟ್ಟಿದ್ದು, ಮದುವೆ ಗೊತ್ತಾದದ್ದು, ಎಮ್ಮೆ ಈದದ್ದು, ಎಲ್ಲವನ್ನೂ ಅವನು ರಾಗ ಎಳೆದು ಓದುತ್ತಿದ್ದ, ಮಂದಿ ಬಾಯಿಗೆ ಬೆಲ್ಲ ಹಾಕುತ್ತಿದ್ದರು. ಆಮೇಲೆ ಈ ಕಡೆಯ ಹುಡುಗರು ಒಬ್ಬೊಬ್ಬರಾಗಿ ಫೌಜಿಗೆ ಸೇರಿದರು. ಅದರ ಹಿಂದೆಯೇ ಬೇರೆ ಥರದ ಕಾಗದಗಳು ಬರತೊಡಗಿದವು.

ಸಾವಿನ ಕಾಗದಕ್ಕೆ ನಮ್ಮಲ್ಲಿ ಒಂದು ಗುರುತು ಉಂಟು. ಬರೆದವರು ಅದರ ಒಂದು ಮೂಲೆ ಹರಿದೇ ಕಳಿಸುತ್ತಾರೆ. ಅಂಥದನ್ನು ಹೊಸ್ತಿಲು ದಾಟಿಸುವಂತಿಲ್ಲ. ಹೊರಗೇ ನಿಂತು ಓದಿಸಿ, ಅಲ್ಲೇ ಚೂರುಚೂರು ಮಾಡಿ ಒಗೆದು, ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಹೋಗಬೇಕು. ಮನೆಯವರು ಹರಿದು ಒಗೆದರು, ಸರಿ. ಓದಿದವನು ಏನನ್ನು ಒಗೆಯಬೇಕು? ಅಮೀನಸಾಬ ಆ ಅಳುವಿನ ದನಿಯನ್ನು ಕಿವಿಯಲ್ಲಿ ಇಟ್ಟುಕೊಂಡೇ ಮನೆಗೆ ಬರುತ್ತಿದ್ದ, ಊಟಕ್ಕೆ ಕೂರುತ್ತಿದ್ದ, ರೊಟ್ಟಿ ಮುರಿದು ತಾಟಿನಲ್ಲಿ ಹಾಗೇ ಬಿಡುತ್ತಿದ್ದ.

ಬರಬರುತ್ತ ಟಪಾಲು ಚೀಲ ಬಿಚ್ಚುವಾಗಲೇ ಎದೆ ಡವಡವ ಎನ್ನತೊಡಗಿತು. ಅಂಗೈ ಬೆವರುತ್ತಿತ್ತು. ಯಾರಾದರೂ ಹಿಂದಿನಿಂದ ಕೂಗಿದರೆ ಬೆಚ್ಚಿ ಬೀಳುತ್ತಿದ್ದ. ಅದೂ ಸಾಲದೆಂಬಂತೆ ಇನ್ನೊಂದು ಹತ್ತಿಕೊಂಡಿತ್ತು, ಅದು ಅವನಿಗೇ ಗೊತ್ತಿರಲಿಲ್ಲ. ಮೊದಲು ಕಂಡುಹಿಡಿದವಳು ಸಕೀನಾ.

"ಏನ್ರಿ ಇದು, ದಿನಾ ನಿಮ್ಮ ಕಿಸೆದಾಗ ಇಷ್ಟು ಕಾಗದದ ಚೂರು?" ಎಂದಳು ಒಂದು ದಿನ, ಕೋಟು ಒಗೆಯಲು ತೆಗೆದುಕೊಂಡವಳು. "ಮೊನ್ನಿ ಕ್ಯಾಲೆಂಡರಿನ ಮೂಲಿ ಹರದ್ರಿ. ನಿನ್ನಿ ಚಹಾಪುಡಿ ಕಟ್ಟಿದ್ದ ಕಾಗದ."

"ನಾ ಎಲ್ಲಿ ಹರದೆ?"

"ಕಣ್ಣಾರೆ ನೋಡೇನ್ರಿ. ಉಗುರಿನಿಂದ ಕೆರದ ಕೆರದ ಹರದು, ಕಿಸೆದಾಗ ಹಾಕ್ಕೊಂಡ್ರಿ. ನಾ ಕರದರೂ ನಿಮಗ ಕೇಳಲಿಲ್ಲ."

ಅಮೀನಸಾಬ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲಿಲ್ಲ. ಸಕೀನಾ ಹೆದರಿದಳು. ಮುಂದಿನ ವಾರ ಅವನನ್ನು ವಿಜಾಪುರಕ್ಕೆ ಕರೆದುಕೊಂಡು ಹೋಗಿ ಜೋರಾಪುರ ಪೇಟೆಯ ಹಕೀಮ ಅಬ್ದುಲಸಮದನ ಮುಂದೆ ಕೂಡಿಸಿದಳು. ಹಕೀಮ ನಾಡಿ ಹಿಡಿದ, ನಾಲಿಗೆ ನೋಡಿದ, ಏನು ಕೆಲಸ ಎಂದು ಕೇಳಿದ.

"ಟಪಾಲಿನ ಕೆಲಸರಿ."

"ಅರೇ, ಬೆಳಕಿನ್ಯಾಗ ಹೋಗಿ ಬೆಳಕಿನ್ಯಾಗ ಬರೂ ಕೆಲಸ! ನಾಡಿ ಚಲೋ ಐತಿ. ಸುಮ್ಮನ ಫಿಕೀರ ಮಾಡಬ್ಯಾಡ," ಎಂದು ಒಂದು ಶೀಶೆ ಶರಬತ್ತು ಕೊಟ್ಟು ಕಳಿಸಿದ.

ಫಿಕೀರ ಮಾಡಬೇಡವಂತೆ! ಫಿಕೀರು ಎಂದರೆ ತಲೆಯ ರುಮಾಲೇ, ಬಿಚ್ಚಿ ಗೂಟಕ್ಕೆ ಹಾಕಲಿಕ್ಕೆ? ಶರಬತ್ತು ಸಿಹಿಯಾಗಿತ್ತು, ಕುಡಿದ, ಮುಗಿಯಿತು. ಹಕೀಮನಿಗೆ ಅವನು ಸಾವಿನ ಕಾಗದಗಳ ಮಾತು ಹೇಳಲೇ ಇಲ್ಲ. ಗಂಡಸು, ಅದರಲ್ಲೂ ಖಾಕಿ ಕೋಟಿನವನು, ಕಾಗದ ಓದಲು ಹೆದರಿಕೆ ಎಂದು ಹೇಳುವುದುಂಟೇ? ಮಂದಿ ತಲೆ ಕೆಟ್ಟಿದೆ ಎಂದಾರು. ಕಚೇರಿಗೆ ಗೊತ್ತಾದರೆ ಚೀಲ ಕಸಿದುಕೊಂಡಾರು. ಬಾಯಿ ಮುಚ್ಚಿಕೊಂಡು ಸೈಕಲ್ಲು ಏರಿದ.

ಬಬಲೇಶ್ವರದಲ್ಲಿ ಶಂಕ್ರೆವ್ವ ಎಂಬ ಹೆಂಗಸಿದ್ದಳು. ಗಂಡ ತೀರಿಕೊಂಡು ಬಹಳ ವರ್ಷ. ಒಬ್ಬನೇ ಮಗ ಪರಸಪ್ಪ, ಮದುವೆಯಾಗಿ ಎಂಟು ತಿಂಗಳಿಗೆ ಫೌಜಿಗೆ ಹೋದವನು, ಬರ್ಮಾದ ಕಡೆ ಇದ್ದ. ಮನೆಯಲ್ಲಿ ಅತ್ತೆ, ಸೊಸೆ ನೀಲಾಬಾಯಿ, ಇಬ್ಬರೇ. ಪರಸಪ್ಪನ ಕಾಗದ ಬರದೆ ಏಳು ತಿಂಗಳಾಗಿತ್ತು. ಟಪಾಲಿನ ದಿನ ಶಂಕ್ರೆವ್ವ ಕಟ್ಟೆಯ ಮೇಲೆ ಹತ್ತಿ ಹಿಂಜುತ್ತ ಕೂತಿರುತ್ತಿದ್ದಳು. ದೀಪದ ಬತ್ತಿ ಹೊಸೆಯುತ್ತಿದ್ದಳು, ಇಡೀ ಊರಿಗೆ ಸಾಕಾಗುವಷ್ಟು ಬತ್ತಿ. ಅಮೀನಸಾಬ ದೂರದಿಂದಲೇ ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದ. ಅವಳು ಮಜ್ಜಿಗೆ ತಂದು ಕೊಡುತ್ತಿದ್ದಳು. ಒಬ್ಬರ ಮುಖ ಒಬ್ಬರು ನೋಡದೆ ಕುಡಿದು, ಕೊಟ್ಟು, ಮುಗಿಸುತ್ತಿದ್ದರು.

ಆಷಾಢದ ಒಂದು ಮುಂಜಾನೆ, ಗಾಳಿ ಎದುರು ಬೀಸುತ್ತಿತ್ತು. ಅರ್ಧ ದಾರಿಗೆ ಬಂದು ಒಂದು ಬಾವಿಯ ಕಟ್ಟೆಗೆ ಸೈಕಲ್ಲು ಆನಿಸಿ ಅಮೀನಸಾಬ ಎಂದಿನಂತೆ ಕಾಗದಗಳನ್ನು ಓಣಿವಾರು ಜೋಡಿಸಲು ಕೂತ. ನಾಲ್ಕನೆಯದು ಶಂಕ್ರೆವ್ವನ ಹೆಸರಿನದು. ಫೌಜಿನ ದಪ್ಪ ಕಾಗದ, ಮೂಲೆಯ ಹತ್ತಿರ, ಬರೆದದ್ದನ್ನು ಓದಿ ನೋಡುವ ತಪಾಸಣೆಯವರು ಒತ್ತಿದ ಕೆಂಪು ಗುಂಡು ಮುದ್ರೆ. ಖುಷಿಪಡಬೇಕಲ್ಲವೇ? ಆದರೆ ವಿಳಾಸದ ಅಕ್ಷರ ಪರಸಪ್ಪನದಾಗಿರಲಿಲ್ಲ. ಪರಸಪ್ಪನ ಡೊಂಕು ಅಕ್ಷರ ಅಮೀನಸಾಬನಿಗೆ ಕಣ್ಣು ಮುಚ್ಚಿದರೂ ಗೊತ್ತು. ಇದು ಬೇರೆಯವರ ಕೈ. ಕೆಳಗೆ ಸಣ್ಣದಾಗಿ ಬರೆದಿತ್ತು: ಅಮೋಘಿ, ಅರಕೇರಿಯವನು, ಪರಸಪ್ಪನ ಜೊತೆಗಾರ. ಜೊತೆಗಾರ ಯಾಕೆ ಬರೆಯಬೇಕು?

ಕಾಗದ ಕೈಯಲ್ಲೇ ಇತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಮಗ್ಗುಲಲ್ಲಿ ಹಾದುಹೋದ ಚಕ್ಕಡಿಯವನು ಮಾತಾಡಿಸಿದ್ದೂ ಕೇಳಲಿಲ್ಲ. ಬಿಸಿಲು ಕಟ್ಟೆಯನ್ನು ಅರ್ಧ ದಾಟಿದಾಗ ಎಚ್ಚರಾಗಿ, ಕಾಗದವನ್ನು ಚೀಲಕ್ಕೆ ತುರುಕಿ, ಪೆಡಲು ತುಳಿದ.

ಊರ ಹೆಬ್ಬಾಗಿಲಾದ ಅಗಸಿಯ ಹತ್ತಿರ ಇಳಿದು ಚೀಲದಿಂದ ತೆಗೆದ. ಮೂಲೆ ಹರಿದಿತ್ತು. ಕೆಂಪು ಮುದ್ರೆ ಅರ್ಧವೇ ಉಳಿದಿತ್ತು.

ಅಮೀನಸಾಬ ಕಾಗದ ತಿರುವಿ ನೋಡಿದ. ಬಾವಿಯ ಹತ್ತಿರ ಹರಿದಿತ್ತೇ, ಇಲ್ಲವೇ? ಇದ್ದಿರಲೇಬೇಕು, ತಾನೇ ಕಂಡಿರಲಿಕ್ಕಿಲ್ಲ. ಅಕ್ಷರದ ಮೇಲೆಯೇ ಕಣ್ಣಿತ್ತಲ್ಲ. ಹೌದು, ಹರಿದೇ ಇತ್ತು. ಹೆದರಿದವನ ತಲೆ ಹೀಗೆಯೇ ನೋಡಿ, ಕೆಟ್ಟದ್ದಾದರೆ ಯಾವ ಸಾಕ್ಷಿಯನ್ನೂ ಕೇಳುವುದಿಲ್ಲ.

ಶಂಕ್ರೆವ್ವ ಕಟ್ಟೆಯ ಮೇಲಿದ್ದಳು. ಅವನು ಈ ಸಲ ತಲೆ ಅಲ್ಲಾಡಿಸದೆ ಬಂದದ್ದು ಕಂಡು ಎದ್ದು ನಿಂತಳು. ನೀಲಾಬಾಯಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಎದುರು ಮನೆಯ ಅಕ್ಕನಾಗಮ್ಮನೂ ಬಂದಳು. ಈ ಅಕ್ಕನಾಗಮ್ಮ ಗಟ್ಟಿ ಬಾಯಿಯ ಹೆಂಗಸು. ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟು, ಈಗ ಓಣಿಯ ಎಲ್ಲರ ಮನೆಯ ಕಾರ್ಯವೂ ತನ್ನದೇ ಎಂದುಕೊಂಡವಳು.

ಅಮೀನಸಾಬ ಕಾಗದ ಮುಂದೆ ಹಿಡಿದ.

ಶಂಕ್ರೆವ್ವ ಅದನ್ನು ತೆಗೆದುಕೊಳ್ಳಲಿಲ್ಲ. ಮೂಲೆ ನೋಡಿದಳು. ನೋಡಿ, ನಿಂತಲ್ಲೇ ಕುಸಿದು ಕೂತಳು. ಮಡಿಲಿನ ಹತ್ತಿ ಗಾಳಿಗೆ ಅಂಗಳದ ತುಂಬ ಹಾರಿತು.

"ಅಯ್ಯಯ್ಯೋ, ಮನಿ ಹಾಳಾತಲ್ಲೋ ಯಪ್ಪಾ!" ಎಂದು ಮೊದಲು ಹೊಯ್ಕೊಂಡವಳು ಅಕ್ಕನಾಗಮ್ಮ.

"ಕಾಕಾ, ಓದ್ರಿ," ಎಂದಳು ನೀಲಾಬಾಯಿ. ಅವಳ ದನಿ ಸಣ್ಣದಾಗಿತ್ತು. "ಏನ ಬರದಾರ ಓದ್ರಿ."

ಓದಬೇಕು. ಅದೇ ಅವನ ಕೆಲಸ. ಆದರೆ ಅಮೀನಸಾಬನ ಬಾಯಿ ಕಟ್ಟಿ ಹೋಗಿತ್ತು. ಕಾಗದ ಬಿಚ್ಚಲು ಬೆರಳೇ ಬಗ್ಗಲಿಲ್ಲ.

"ಏನ ಓದಸ್ತಿ? ಮೂಲಿ ಕಾಣವಲ್ದ ನಿನಗ?" ಅಕ್ಕನಾಗಮ್ಮ ನೀಲಾಬಾಯಿಯ ಕೈ ಹಿಡಿದು ಹೊಸ್ತಿಲ ಹತ್ತಿರ ಕೂಡಿಸಿದಳು. ದೂರ ದೇಶದ ಸಾವು, ಹೆಣ ಬರುವ ಮಾತಿಲ್ಲ, ಸುದ್ದಿ ಬಂದ ಗಳಿಗೆಯಲ್ಲೇ ಎಲ್ಲ ಆಗಬೇಕು ಎಂಬುದು ಅವಳ ಲೆಕ್ಕ. ಅಂಗಳದಲ್ಲಿ ಬಿದ್ದಿದ್ದ ಕಲ್ಲು ತೆಗೆದುಕೊಂಡಳು. ಎಡಗೈಯ ಹಸಿರು ಬಳೆಗಳು ಚಟಚಟನೆ ಒಡೆದವು. ಹುಡುಗಿ ಅಳಲಿಲ್ಲ, ಕೈ ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಅಮೀನಸಾಬನನ್ನೇ ನೋಡುತ್ತಿದ್ದಳು.

ಆ ನೋಟ ತಡೆಯಲಾರದೆ ಅವನು ಬೆವರು ಒರೆಸಿಕೊಳ್ಳಲು ವಸ್ತ್ರಕ್ಕಾಗಿ ಕಿಸೆಗೆ ಕೈ ಹಾಕಿದ. ಕೈಗೆ ಕಾಗದದ ಚೂರು ಬಂತು. ದಪ್ಪ ಕಾಗದ. ಮೇಲೆ ಅರ್ಧ ಕೆಂಪು ಮುದ್ರೆ.

ಅರ್ಧ ಇಲ್ಲಿ, ಅರ್ಧ ಅಲ್ಲಿ. ಬರೆದವನು ಹರಿದಿದ್ದರೆ ಮುದ್ರೆ ಹೀಗೆ ಎರಡಾಗುತ್ತಿತ್ತೇ? ಮುದ್ರೆ ಒತ್ತಿದ ಮೇಲೆ ಹರಿದದ್ದು ಇದು. ಬಾವಿ ಕಟ್ಟೆಯ ಮೇಲೆ. ತನ್ನದೇ ಉಗುರು.

ಆಗಲೇ ಕೂಗಬೇಕಿತ್ತು. ಕೂಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಟಪಾಲಿನವನೇ ಕಾಗದ ಹರಿದ ಎಂದರೆ ನೌಕರಿ ಹೋಯಿತು, ತಲೆ ಕೆಟ್ಟವನೆಂಬ ಹೆಸರು ಬಂತು, ಸಕೀನಾ ಯಾರಿಗೆ ಮುಖ ತೋರಿಸಬೇಕು, ಇದೆಲ್ಲ ಒಮ್ಮೆಲೇ ತಲೆಯಲ್ಲಿ ಹಾದುಹೋಯಿತು. ಅಕ್ಕನಾಗಮ್ಮ ಬಲಗೈ ಎಳೆದುಕೊಂಡು ಕಲ್ಲು ಎತ್ತುವಷ್ಟು ಹೊತ್ತು ಅವನು ಸುಮ್ಮನೆ ನಿಂತಿದ್ದ. ಅಷ್ಟೇ ಅಷ್ಟು ಹೊತ್ತಿಗಾಗಿ ಅವನು ಸಾಯುವ ತನಕ ನಾಚಿಕೆಪಟ್ಟ.

ಆಮೇಲೆ ಓಡಿ ಹೋಗಿ ಕಲ್ಲಿನ ಕೆಳಗೆ ತನ್ನ ಅಂಗೈ ಒಡ್ಡಿದ. ಏಟು ಅವನ ಕೈಗೆ ಬಿತ್ತು.

"ನಿಂದರ್ರಿ! ನಾ ಹರದೇನ್ರಿ! ಮೂಲಿ ನಾ ಹರದೇನಿ, ಅವರಲ್ಲ!"

ಅಮೀನಸಾಬ ಚೂರನ್ನು ಕಾಗದಕ್ಕೆ ಹಚ್ಚಿ ತೋರಿಸಿದ. ಗುಂಡು ಮುದ್ರೆ ಕೂಡಿಕೊಂಡಿತು. ಅವನ ಕೈಯ ರಕ್ತ ಮುದ್ರೆಗೂ ಹತ್ತಿತು.

"ಓದು," ಎಂದಳು ಶಂಕ್ರೆವ್ವ, ಕೂತಲ್ಲಿಂದಲೇ.

ಓದಿದ. ದನಿ ಒಡೆದು ಒಡೆದು ಬಂತು. ಪರಸಪ್ಪನಿಗೆ ಚಳಿಜ್ವರ ಬಂದು ಆಸ್ಸಾಮಿನ ಕಡೆ ದವಾಖಾನೆಯಲ್ಲಿ ಮೂರು ತಿಂಗಳು ಮಲಗಿದ್ದ. ಕೈ ನಡುಗುವುದರಿಂದ ತಾನು ಹೇಳಿ ಅಮೋಘಿಯಿಂದ ಬರೆಸಿದ್ದ. ಈಗ ಗಂಜಿ ಬಿಟ್ಟು ಅನ್ನ ಉಣ್ಣುತ್ತಿದ್ದೇನೆ, ತಲೆಗೂದಲು ಉದುರಿ ಬೋಳಾಗಿದೆ, ನೀಲಾ ನೋಡಿದರೆ ನಕ್ಕಾಳು ಎಂದಿತ್ತು. ನೀಲಾಬಾಯಿ ನಗಲಿಲ್ಲ. ಬೋಳಾದ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಜೋರಾಗಿ ಅತ್ತಳು.

ಆಮೇಲೆ ಬೈಗುಳ ಶುರುವಾದವು. "ನಿನ್ನ ಕೈ ಸೇದಿಹೋಗಲಿ, ಮುತ್ತೈದಿ ಬಳಿ ಒಡಿಸಿದಿ ನನ್ನ ಕಡೆಯಿಂದ! ಕಾಗದ ಹರಿಯೂ ಹುಚ್ಚಗ ಯಾರು ಚೀಲ ಕೊಟ್ಟರು?" ಎಂದು ಅಕ್ಕನಾಗಮ್ಮ ಕಿರುಚಿದಳು. ಕೂಗು ಕೇಳಿ ನೆರೆದ ಓಣಿಯ ಮಂದಿಯೂ ಹೌದೌದು ಎಂದರು. ವಿಜಾಪುರದ ದೊಡ್ಡ ಸಾಹೇಬರಿಗೆ ಅರ್ಜಿ ಹಾಕಬೇಕು ಎಂದನೊಬ್ಬ. ಅಮೀನಸಾಬ ತಲೆ ತಗ್ಗಿಸಿ ನಿಂತಿದ್ದ. ಅನ್ನುವುದರಲ್ಲಿ ತಪ್ಪೇನೂ ಇರಲಿಲ್ಲ.

"ಎಲ್ಲಾರೂ ಹೋಗ್ರಿ," ಎಂದಳು ಶಂಕ್ರೆವ್ವ. "ಕಾಗದ ನಂದು. ಬೈಯೂದಿದ್ದರ ನಾ ಬೈತೀನಿ."

ಮಂದಿ ಗೊಣಗುತ್ತ ಹೋದರು. ಅವಳು ಎದ್ದಳು, ಬಂದು ಅವನ ಕೆನ್ನೆಗೆ ಒಂದು ಬಾರಿಸಿದಳು. ಆಮೇಲೆ ತೋಳು ಹಿಡಿದು ಕಟ್ಟೆಯ ಮೇಲೆ ಕೂಡಿಸಿದಳು. ನೀಲಾಬಾಯಿ ಹಳೆಯ ಸೀರೆಯ ಅಂಚು ಹರಿದು ತಂದು ಅವನ ಅಂಗೈಗೆ ಸುತ್ತಿದಳು.

"ಯಾವಾಗಿಂದ ಹಿಂಗ ನಿನಗ?" ಎಂದು ಕೇಳಿದಳು ಶಂಕ್ರೆವ್ವ.

"ಗೊತ್ತಿಲ್ಲ ಯಕ್ಕಾ. ಕೈ ತಾನ ಹರೀತೈತಿ. ನನಗ ತಿಳಿಯೂದಿಲ್ಲ. ಚೀಲಾ ಬಿಚ್ಚಾಕ ಅಂಜಿಕಿ ಬರತೈತಿ. ಉಂಡದ್ದು ಮೈಗಿ ಹತ್ತವಲ್ದು."

"ಅಂಥಾ ಕಾಗದ ಯಾರ್ಯಾರ ಮನ್ಯಾಗ ಓದೀ?"

ಇದನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಹಕೀಮ ಕೇಳಿರಲಿಲ್ಲ, ಸಕೀನಾ ಕೂಡ ಹೆದರಿ ಕೇಳಿರಲಿಲ್ಲ. ಅಮೀನಸಾಬ ಹೇಳತೊಡಗಿದ. ಅಗಸಿಯ ಹತ್ತಿರದ ಕಂಬಾರರ ಮನೆ, ಮಗ ಇಟಲಿಯಲ್ಲಿ. ಹಳ್ಳದ ದಂಡೆಯ ಮುಮತಾಜಳ ಮನೆ, ಗಂಡ ಹಡಗಿನಲ್ಲಿ. ಒಂದು ಮನೆಯಲ್ಲಿ ಮುದುಕ ಮೂರು ಸಲ ಓದಿಸಿದ. ಇನ್ನೊಂದು ಮನೆಯಲ್ಲಿ ತಾಯಿ ಕೈಯಲ್ಲಿದ್ದ ಕೂಸನ್ನು ಇಳಿಸುವುದನ್ನೇ ಮರೆತಳು. ಹನ್ನೊಂದು ಮನೆ. ಒಂದೂ ಮರೆತಿರಲಿಲ್ಲ, ಯಾರು ಯಾವ ಮಾತು ಹೇಳಿ ಅತ್ತರು ಎಂಬುದೂ ಸಹ.

ಶಂಕ್ರೆವ್ವ ಕೊನೆಯ ತನಕ ಕೇಳಿದಳು.

"ಅವರವರಿಗೆ ಒಂದೊಂದ ಬಂತು," ಎಂದಳು ಆಮೇಲೆ. "ನಿನಗ ಎಲ್ಲಾ ಬಂದಾವಲ್ಲೋ ತಮ್ಮಾ."

ಅಮೀನಸಾಬ ಕಟ್ಟಿದ ಕೈಯಿಂದಲೇ ಮುಖ ಮುಚ್ಚಿಕೊಂಡು ಕೂಸಿನ ಹಾಗೆ ಅತ್ತ. ಅತ್ತೆ ಸೊಸೆ ಇಬ್ಬರೂ ಸುಮ್ಮನಿರು ಎನ್ನಲಿಲ್ಲ.

ಅವನು ಹೊರಟಾಗ ಶಂಕ್ರೆವ್ವ ಒಂದು ಹಿಡಿ ಹತ್ತಿ ತಂದು ಅವನ ಕೋಟಿನ ಕಿಸೆಗೆ ತುರುಕಿದಳು. "ಕೈಗಿ ಏನರ ಬೇಕಾದ್ರ ಬತ್ತಿ ಹೊಸಿ. ನನ್ನ ಕೈಗೂ ಅದೇ ಬ್ಯಾನಿ ಐತಿ, ಏಳು ತಿಂಗಳಿಂದ. ಮತ್ತ ಕೇಳು, ಇನ್ನ ಅಂಥಾ ಕಾಗದ ಬಂದ್ರ ಮೊದಲ ಇಲ್ಲಿಗೆ ಬಾ. ಒಬ್ಬಾವ ಹೋಗಬ್ಯಾಡ."

ಮರುದಿನ ತಿಕೋಟಾದ ಪೋಸ್ಟ್ ಮಾಸ್ತರನ ಮುಂದೆ ನಿಂತು ಅಮೀನಸಾಬ ನಡೆದದ್ದೆಲ್ಲ ಹೇಳಿದ. ಕೊನೆಗೆ "ನನಗ ಆರಾಮಿಲ್ಲರಿ" ಎಂದ. ಆ ಎರಡು ಶಬ್ದ ಹೇಳಲು ಅವನಿಗೆ ಎರಡು ವರ್ಷ ಹಿಡಿದಿತ್ತು. ಮಾಸ್ತರ ಮುಖ ಗಂಟಿಕ್ಕಿ ಗದರಿಸಿದ, ಬರೆಸಿಕೊಂಡ, ಹದಿನೈದು ದಿನ ರಜೆ ಕೊಟ್ಟ. ಮೊದಲ ನಾಲ್ಕು ದಿನ ಅಮೀನಸಾಬ ಬರೀ ನಿದ್ದೆ ಮಾಡಿದ. ಉಳಿದ ದಿನ ಸಕೀನಾಳ ಹತ್ತಿರ ಕೂತು ಒಂದೊಂದೇ ಮನೆಯ ಮಾತು ಹೇಳಿದ, ಅವಳು ರೊಟ್ಟಿ ಬಡಿಯುತ್ತ ಕೇಳಿದಳು. ಎಲ್ಲ ಗುಣವಾಯಿತು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಚೀಲ ಬಿಚ್ಚುವಾಗ ಎದೆ ಈಗಲೂ ಹಾರುತ್ತಿತ್ತು. ಆದರೆ ಕಿಸೆಯಲ್ಲಿ ಕಾಗದದ ಚೂರಿನ ಬದಲು ಬತ್ತಿ ಸಿಗತೊಡಗಿದವು, ಅವನ್ನು ಅವನು ಟಪಾಲಿನ ಜೊತೆಗೆ ಶಂಕ್ರೆವ್ವನಿಗೆ ಕೊಡುತ್ತಿದ್ದ.

ಭಾದ್ರಪದದಲ್ಲಿ ಒಂದು ಕಾರ್ಡು ಬಂತು, ಸೊಲ್ಲಾಪುರದಿಂದ. ತಿಕೋಟಾದಲ್ಲಿ ಚೀಲ ಬಿಚ್ಚಿದಾಗಲೇ ಅದರ ಮೂಲೆ ಇರಲಿಲ್ಲ. ಅಮೀನಸಾಬ ಅಂದು ಮಾಸ್ತರನನ್ನೂ ಕರೆದು ತೋರಿಸಿದ. ದಾರಿಯಲ್ಲಿ ಎಲ್ಲೂ ಇಳಿಯಲಿಲ್ಲ. ಬಬಲೇಶ್ವರದಲ್ಲಿ ನೆಟ್ಟಗೆ ಶಂಕ್ರೆವ್ವನ ಕಟ್ಟೆಗೆ ಬಂದ.

ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು. "ಯಾರ ಮನಿದು?"

ಅಮೀನಸಾಬ ಎದುರು ಮನೆಯ ಕಡೆ ಕಣ್ಣು ತೋರಿಸಿದ. "ಹೆರಿಗಿ ಒಳಗ. ಮಗಳು."

ಶಂಕ್ರೆವ್ವ ಸೆರಗು ಹೊದ್ದುಕೊಂಡು ಇಳಿದಳು. ನೀಲಾಬಾಯಿಯೂ ಬಂದಳು, ಬಲಗೈಯಲ್ಲಿ ಹಳೆಯ ಬಳೆ, ಎಡಗೈಯಲ್ಲಿ ಹೊಸವು. ಮೂವರೂ ಓಣಿ ದಾಟಿದರು.

ಅಕ್ಕನಾಗಮ್ಮ ಅಂಗಳ ಗುಡಿಸುತ್ತಿದ್ದಳು. ತಲೆ ಎತ್ತಿ ಮೂವರನ್ನೂ ನೋಡಿದಳು, ಕಾರ್ಡು ನೋಡಿದಳು. ಕಸಬರಿಗೆ ಕೈಯಿಂದ ಜಾರಿತು. ಓಡಿ ಬಂದು ಅಮೀನಸಾಬನ ಕೋಟು ಹಿಡಿದು, ಎರಡೂ ಕಿಸೆಗಳಿಗೆ ಕೈ ಹಾಕಿ ತಡಕಾಡಿದಳು. ಬರೀ ಹತ್ತಿ ಬಂತು.

"ನೀನ ಹರದಿ, ಹೌದಲ್ಲೋ?" ಎಂದಳು. "ಅಮೀನಸಾಬಾ, ನೀನ ಹರದಿ. ನಾ ಬೈಯೂದಿಲ್ಲೋ ಯಪ್ಪಾ, ಯಾರ ಮುಂದೂ ಹೇಳೂದಿಲ್ಲ. ನಾನ ಹರದೇನಿ ಅನ್ನೋ."

ಅಮೀನಸಾಬನ ಬಾಯಿ ಕಟ್ಟಲಿಲ್ಲ. ಕಟ್ಟಿದ್ದರೆ ಒಳ್ಳೆಯದಿತ್ತು ಎಂದು ಒಂದು ಗಳಿಗೆ ಅನಿಸಿತು. ಶಂಕ್ರೆವ್ವ ಅವನ ಬೆನ್ನ ಮೇಲೆ ಕೈ ಇಟ್ಟಳು. ನೀಲಾಬಾಯಿ ಹೋಗಿ ಅಕ್ಕನಾಗಮ್ಮನ ಎರಡೂ ಕೈ ಹಿಡಿದುಕೊಂಡಳು.

"ಇಲ್ಲ ಯವ್ವಾ," ಎಂದ ಅಮೀನಸಾಬ. "ನಾ ಹರದಿಲ್ಲ."